ನೀರು ಆರಿಸಿದ ಈರುಳ್ಳಿ, ನೀರು ಬಸಿದ ಮೊಸರು: ಮನೆಯ ಸಮಾರಂಭಕ್ಕೊಂದು ಅದ್ದುಗೊಜ್ಜು

ಕೊಯ್ಲು ಮುಗಿಸಿ ಈರುಳ್ಳಿ ಆರಿಸಲು ಕೂತರೆ ಮೂರು ರಾಶಿ ಆಗುತ್ತದೆ. ದುಂಡಗಿನ, ಒಂದೇ ಅಳತೆಯ ಗಡ್ಡೆ ಚೀಲಕ್ಕೆ. ಕೊಳೆತದ್ದು ತಿಪ್ಪೆಗೆ. ನಡುವೆ ಒಂದು ರಾಶಿ ಉಳಿಯುತ್ತದೆ: ಜೋಡುಗಡ್ಡೆ, ಗೋಲಿಯಷ್ಟು ಸಣ್ಣ ಗಡ್ಡೆ, ಕುತ್ತಿಗೆ ದಪ್ಪಗಿರುವುದು, ಕೀಳುವಾಗ ಪೆಟ್ಟು ತಿಂದದ್ದು. ತಿನ್ನಲು ಏನೂ ತೊಂದರೆಯಿಲ್ಲ. ಮಂಡಿಯಲ್ಲಿ ಬೆಲೆಯಿಲ್ಲ, ಇಟ್ಟರೆ ಬಾಳಿಕೆಯಿಲ್ಲ. ನಮ್ಮ ಚಿತ್ರದುರ್ಗದ ಕಡೆ ಮುಂಗಾರು ಈರುಳ್ಳಿ ಕೀಳುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಆಗ ಮಳೆ ಹಿಡಿದುಕೊಂಡಿತು ಅಂದ್ರೆ ಈ ನಡುವಿನ ರಾಶಿಯೇ ದೊಡ್ಡದಾಗುತ್ತದೆ.

ಅದೇ ಮನೆಯಲ್ಲಿ ಮಗುವಿನ ಹುಟ್ಟುಹಬ್ಬ ಬಂತು ಅನ್ನಿ. ಪೇಟೆಯಿಂದ ಚಿಪ್ಸ್ ಬರುತ್ತದೆ. ಜೊತೆಗೆ ಅದ್ದಿ ತಿನ್ನಲು ಒಂದು ಬಿಳಿ ಡಬ್ಬಿಯೂ ಬರುತ್ತದೆ. ಕೊಟ್ಟಿಗೆಯಲ್ಲಿ ಎಮ್ಮೆ ಇದೆ, ಪಡಸಾಲೆಯಲ್ಲಿ ಈರುಳ್ಳಿ ಹರಡಿದೆ. ಆದರೂ ಹಾಲು-ಎಣ್ಣೆ-ಈರುಳ್ಳಿ ಸೇರಿದ ಒಂದು ಡಬ್ಬಿಗೆ ದುಡ್ಡು ಕೊಡುತ್ತೇವೆ. ಆ ಡಬ್ಬಿಯೊಳಗಿನ ಪದಾರ್ಥವನ್ನು ಮನೆಯಲ್ಲೇ, ಇನ್ನೂ ರುಚಿಯಾಗಿ, ಮುಖ್ಯವಾಗಿ ಬಂದವರ ಹೊಟ್ಟೆ ಕೆಡದಂತೆ ಮಾಡುವುದು ಹೇಗೆ ಅನ್ನುವುದೇ ಈ ಪಾಠ. ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಮಾಡುತ್ತಿರುವ ಕ್ರಮ ಇದು.

ಅದ್ದುಗೊಜ್ಜು ಅಂದರೆ

ಡಿಪ್ ಅಂದರೆ ಅದ್ದುವುದು. ಅದಕ್ಕೆ ನಾನು ಅದ್ದುಗೊಜ್ಜು ಅಂತಲೇ ಕರೆಯುತ್ತೇನೆ. ಕೆನೆಯಂತೆ ನುಣುಪು, ಗಟ್ಟಿ, ಸ್ವಲ್ಪ ಹುಳಿ. ಹಪ್ಪಳದ ತುಂಡಿನಲ್ಲಿ ಅದ್ದಿ ಎತ್ತಿದರೆ ಅಂಟಿಕೊಂಡು ಬರಬೇಕು, ಅಂಗಿಯ ಮೇಲೆ ಸುರಿಯಬಾರದು.

ಈರುಳ್ಳಿಯ ಅದ್ದುಗೊಜ್ಜಿನ ಊರು ಅಮೆರಿಕದ ಕ್ಯಾಲಿಫೋರ್ನಿಯ. ನಮಗೆ ಚಹಾದಿಂದ ಗೊತ್ತಿರುವ ಲಿಪ್ಟನ್ ಹೆಸರಿನಲ್ಲಿ 1952ರಲ್ಲಿ ಅಲ್ಲಿ ಒಣ ಈರುಳ್ಳಿ ಸೂಪಿನ ಪೊಟ್ಟಣ ಮಾರಾಟಕ್ಕೆ ಬಂತು. 1954ರಲ್ಲಿ ಲಾಸ್ ಏಂಜಲಿಸ್‌ನ ಯಾರೋ ಒಬ್ಬರು ಆ ಪುಡಿಯನ್ನು ಹುಳಿಗೆನೆಗೆ ಕಲಸಿ ಚಿಪ್ಸ್ ಜೊತೆ ಇಟ್ಟರು ಎಂಬುದು ಪ್ರತೀತಿ. ಮಾಡಿದವರ ಹೆಸರು ಉಳಿಯಲಿಲ್ಲ, ಗೊಜ್ಜು ಉಳಿಯಿತು. ಕಂಪನಿಯವರು ಕೆಲ ವರ್ಷದಲ್ಲೇ ಪೊಟ್ಟಣದ ಮೇಲೆ ಈ ವಿಧಾನ ಅಚ್ಚು ಹಾಕಿಸಿದರು.

ಹುಳಿಗೆನೆ ಅಂದರೆ ಹಾಲಿನ ಕೆನೆಗೇ ಹೆಪ್ಪು ಹಾಕಿದ್ದು. ಅಲ್ಲಿನ ನಿಯಮದಂತೆ ಅದರಲ್ಲಿ ಶೇ. 18ಕ್ಕಿಂತ ಕಡಿಮೆ ಕೊಬ್ಬು ಇರಬಾರದು. ನಮ್ಮಲ್ಲಿ ಅದರ ಜಾಗಕ್ಕೆ ಸರಿಯಾಗಿ ಕೂರುವುದು ಬಟ್ಟೆಯಲ್ಲಿ ಕಟ್ಟಿ ಬಸಿದ ಗಟ್ಟಿ ಮೊಸರು. ಶ್ರೀಖಂಡಕ್ಕೆ ಕಟ್ಟುತ್ತಾರಲ್ಲ, ಅದೇ ಚಕ್ಕಾ. ಕೊಬ್ಬು ಕಡಿಮೆ, ಗಟ್ಟಿತನ ಅಷ್ಟೇ.

'ಇದು ನಮ್ಮ ಮೊಸರುಬಜ್ಜಿಯೇ ತಾನೇ?' ಅಂತ ಕೇಳುವವರಿದ್ದಾರೆ. ಹತ್ತಿರದ ನೆಂಟ ನಿಜ. ಆದರೆ ಮೊಸರುಬಜ್ಜಿಗೆ ಹಸಿ ಈರುಳ್ಳಿ ಹಾಕುತ್ತೇವೆ. ಕಲಸಿದ ಕೂಡಲೇ ಊಟಕ್ಕೆ ಕೂತರೆ ಚೆನ್ನ. ಒಂದು ಗಂಟೆ ಬಿಟ್ಟರೆ ಉಪ್ಪಿಗೆ ಈರುಳ್ಳಿ ನೀರು ಬಿಡುತ್ತದೆ, ಮೊಸರು ತೆಳ್ಳಗಾಗುತ್ತದೆ, ಘಾಟು ಏರುತ್ತದೆ. ಜನ ಬಂದು ಹೋಗುತ್ತಲೇ ಇರುವ ಸಮಾರಂಭಕ್ಕೆ ಅದು ನಿಲ್ಲುವುದಿಲ್ಲ.

ಇಡೀ ಪಾಠ ನೀರಿನದು

ಕರಾವಳಿ, ಮಲೆನಾಡಿನವರು ಈರುಳ್ಳಿಗೆ ನೀರುಳ್ಳಿ ಅನ್ನುತ್ತಾರೆ. ಈ ಅಡುಗೆಯ ಮಟ್ಟಿಗೆ ಆ ಹೆಸರೇ ಸರಿ. ಹಸಿ ಈರುಳ್ಳಿಯ ತೂಕದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರು. ಮೊಸರಿನ ಕಥೆಯೂ ಹೆಚ್ಚುಕಡಿಮೆ ಅದೇ. ಎರಡು ನೀರಿನ ಪದಾರ್ಥ ಕಲಸಿದರೆ ಮಜ್ಜಿಗೆ ಆದೀತು, ಗೊಜ್ಜು ಆಗದು. ಮೊದಲು ಎರಡರ ನೀರನ್ನೂ ಬೇರೆ ಬೇರೆಯಾಗಿ ತೆಗೆಯಬೇಕು, ಆಮೇಲೆ ಸೇರಿಸಬೇಕು. ಈ ಒಂದು ಮಾತು ನೆನಪಿದ್ದರೆ ಅಳತೆ ಸ್ವಲ್ಪ ಹೆಚ್ಚುಕಡಿಮೆ ಆದರೂ ಕೆಡುವುದಿಲ್ಲ.

ನೀರು ಹೋದಾಗ ರುಚಿಯೂ ಬದಲಾಗುತ್ತದೆ. ಹೆಚ್ಚಿದ ಈರುಳ್ಳಿ ಕಣ್ಣು ಉರಿಸುವುದು ಅದರ ಗಂಧಕದ ಅಂಶದಿಂದ. ಕತ್ತಿ ತಾಗಿದಾಗ ಗಡ್ಡೆಯೊಳಗಿನ ಕಿಣ್ವ ಆ ಅಂಶದ ಜೊತೆ ಸೇರಿ ಘಾಟಿನ ಅನಿಲ ಹುಟ್ಟುತ್ತದೆ. ಬಿಸಿಯಾದರೆ ಕಿಣ್ವ ಸಾಯುತ್ತದೆ, ಘಾಟು ಹಾರಿಹೋಗುತ್ತದೆ. ಈರುಳ್ಳಿಯಲ್ಲಿ ಮೊದಲೇ ಇದ್ದ ಸಕ್ಕರೆ ನೀರು ಆರಿದಂತೆ ದಪ್ಪಗಾಗಿ ನಾಲಿಗೆಗೆ ಸಿಗುತ್ತದೆ. ಇನ್ನೂ ಹುರಿದರೆ ಕಂದು ಬಣ್ಣ, ಹುರಿದ ಪರಿಮಳ. ಬೆಲ್ಲ, ಸಕ್ಕರೆ ಏನೂ ಬೇಡ.

ಬೇಕಾಗುವ ಸಾಮಾನು (30 ಜನಕ್ಕೆ)

ಈರುಳ್ಳಿ 1 ಕಿಲೋ
ಗಟ್ಟಿ ಮೊಸರು 2 ಲೀಟರು
ಬೆಳ್ಳುಳ್ಳಿ 8 ಎಸಳು
ಹಸಿಮೆಣಸು 2 (ಬೇಕಿದ್ದರೆ)
ಎಣ್ಣೆ 3 ದೊಡ್ಡ ಚಮಚ, ಬೆಣ್ಣೆ ಅಥವಾ ತುಪ್ಪ 1 ಚಮಚ
ಉಪ್ಪು 2 ಸಣ್ಣ ಚಮಚ, ಎರಡು ಸಲಕ್ಕೆ
ಕಾಳುಮೆಣಸಿನ ಪುಡಿ 1 ಸಣ್ಣ ಚಮಚ
ಮೇಲೆ ಉದುರಿಸಲು ಈರುಳ್ಳಿ ಸೊಪ್ಪು ಅಥವಾ ಕೊತ್ತಂಬರಿ

ಜೋಡುಗಡ್ಡೆ, ಸಣ್ಣ ಗಡ್ಡೆ ಧಾರಾಳವಾಗಿ ಆಗುತ್ತದೆ. ಮೊಳಕೆ ಒಡೆದಿದ್ದರೆ ಸೀಳಿ ನಡುವಿನ ಹಸಿರು ಮೊಳಕೆ ತೆಗೆಯಿರಿ. ಹೊರ ಸಿಪ್ಪೆಯ ಮೇಲೆ ಮಾತ್ರ ಕರಿ ಪುಡಿ ಇದ್ದರೆ ಅದು ಒಂದು ಬಗೆಯ ಬೂಷ್ಟು. ಆ ಪದರ ಸುಲಿದು, ಗಡ್ಡೆ ತೊಳೆದು ಬಳಸಬಹುದು. ಒತ್ತಿದರೆ ಮೆತ್ತಗಾಗುವುದು, ವಾಸನೆ ಬಂದದ್ದು ಬೇಡವೇ ಬೇಡ. ಉಳಿಸುವ ಆಸೆಗೆ ಬಿದ್ದು ಅಂಥ ಒಂದು ಗಡ್ಡೆ ಸೇರಿಸಿದರೆ ಇಡೀ ಬಾಣಲೆ ಅದೇ ವಾಸನೆ.

ಮೊಸರು ಬಸಿಯುವುದು

ಹಿಂದಿನ ದಿನವೇ ಈ ಕೆಲಸ. ಎಮ್ಮೆ ಹಾಲಿನ ಮೊಸರಾದರೆ ಹೆಚ್ಚು ಗಟ್ಟಿ ಸಿಗುತ್ತದೆ, ಹಸುವಿನದೂ ಆಗುತ್ತದೆ. ಮೊಸರು ಹೊಸದಿರಲಿ, ಹುಳಿ ಏರಿರಬಾರದು. ಮೇಲಿನ ಕೆನೆ ತೆಗೆಯಬೇಡಿ.

ಒಗೆದು, ಕುದಿನೀರಲ್ಲಿ ಅದ್ದಿ ಹಿಂಡಿದ ತೆಳು ಹತ್ತಿ ಬಟ್ಟೆಯನ್ನು ಪಾತ್ರೆಯ ಮೇಲೆ ಹರಡಿ ಮೊಸರು ಸುರಿಯಿರಿ. ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿ ತೂಗುಬಿಡಿ. ಹಿಂಡಬೇಡಿ, ಹಿಂಡಿದರೆ ಮೊಸರೂ ಬಟ್ಟೆ ದಾಟಿ ಬರುತ್ತದೆ. ಚಳಿಗಾಲದಲ್ಲಿ 6ರಿಂದ 8 ಗಂಟೆ. ಬೇಸಿಗೆಯಲ್ಲಿ ಹೊರಗೆ ಅಷ್ಟು ಹೊತ್ತು ತೂಗಿದರೆ ಹುಳಿ ಏರುತ್ತದೆ. ಜರಡಿಯ ಮೇಲೆ ಬಟ್ಟೆ ಹಾಸಿ, ಕೆಳಗೆ ಪಾತ್ರೆ ಇಟ್ಟು, ಮುಚ್ಚಿ ಫ್ರಿಜ್ಜಿನಲ್ಲೇ ಇಟ್ಟರೆ ಒಳ್ಳೆಯದು. ಚಮಚದಲ್ಲಿ ತೆಗೆದು ಬೋರಲು ಹಿಡಿದರೆ ಬೀಳಬಾರದು. ಅದೇ ಹದ.

ನಮ್ಮ ಅಳತೆಯಲ್ಲಿ 2 ಲೀಟರು ಮೊಸರಿಗೆ ಮುಕ್ಕಾಲು ಕಿಲೋದ ಆಸುಪಾಸು ಚಕ್ಕಾ ಸಿಗುತ್ತದೆ. ಉಳಿದದ್ದು ಬಸಿನೀರು. ಇದನ್ನು ಬಚ್ಚಲಿಗೆ ಚೆಲ್ಲಬೇಡಿ. ರೊಟ್ಟಿ, ಚಪಾತಿ ಹಿಟ್ಟು ಕಲಸಲು, ದೋಸೆ ಹಿಟ್ಟಿಗೆ, ಮಜ್ಜಿಗೆಹುಳಿಗೆ ಆಗುತ್ತದೆ. ಹೆಚ್ಚಾದರೆ ದನದ ಕಲಗಚ್ಚಿಗೆ.

ಈರುಳ್ಳಿ ಹುರಿಯುವುದು

ಇಲ್ಲಿ ಬೇಕಾದದ್ದು ತಾಳ್ಮೆ. ಸಿಪ್ಪೆ ಸುಲಿದು ಒಂದೇ ದಪ್ಪಕ್ಕೆ ಹೆಚ್ಚಿ. ಕೆಲವು ದಪ್ಪ, ಕೆಲವು ತೆಳು ಆದರೆ ತೆಳುವಾದದ್ದು ಕರಿಯಾಗುವಾಗ ದಪ್ಪದ್ದು ಇನ್ನೂ ಬೆಂದಿರುವುದಿಲ್ಲ. ದಪ್ಪ ತಳದ, ಅಗಲ ಬಾಣಲೆ ಇಡಿ. ಎಣ್ಣೆ, ಬೆಣ್ಣೆ ಬಿಸಿಯಾದ ಮೇಲೆ ಈರುಳ್ಳಿ, ಒಂದು ಸಣ್ಣ ಚಮಚ ಉಪ್ಪು. ಉಪ್ಪು ಮೊದಲೇ ಹಾಕಿದರೆ ನೀರು ಬೇಗ ಹೊರಬರುತ್ತದೆ.

ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 10-12 ನಿಮಿಷ. ಈರುಳ್ಳಿ ತನ್ನ ನೀರಿನಲ್ಲೇ ಬೆಂದು ಮೆತ್ತಗಾಗುತ್ತದೆ. ಹೀಗೆ ಮಾಡಿದರೆ ಗ್ಯಾಸೂ ಉಳಿಯುತ್ತದೆ. ಆಮೇಲೆ ಮುಚ್ಚಳ ತೆಗೆದು, ಆಗಾಗ ಮಗುಚುತ್ತಾ 35-45 ನಿಮಿಷ. ಮೊದಲು ನೀರು ಆರುತ್ತದೆ. ಆಮೇಲೆ ಹೊಂಬಣ್ಣ, ಆಮೇಲೆ ಹಳೇ ಬೆಲ್ಲದ ಬಣ್ಣ. ತಳ ಹಿಡಿಯಲು ಶುರುವಾದರೆ ಒಂದು ಚಮಚ ನೀರು ಚಿಮುಕಿಸಿ ಕೆರೆಯಿರಿ. ತಳಕ್ಕೆ ಅಂಟಿದ ಕಂದು ಅಂಶ ಬಿಟ್ಟುಕೊಂಡು ಈರುಳ್ಳಿಗೇ ಸೇರುತ್ತದೆ. ರುಚಿ ಇರುವುದೇ ಅದರಲ್ಲಿ. ಕೊನೆಯ 10 ನಿಮಿಷ ಇರುವಾಗ ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಹಸಿಮೆಣಸು ಹಾಕಿ. ಹಸಿ ಬೆಳ್ಳುಳ್ಳಿ ಮೊಸರಿಗೆ ಹಾಕಿದರೆ ಮರುದಿನಕ್ಕೆ ಘಾಟು ತಡೆಯಲಾಗದು.

ಸೌದೆ ಒಲೆ ಇರುವವರಿಗೆ ಇದು ಇನ್ನೂ ಸುಲಭ. ಅಡುಗೆ ಮುಗಿದ ಮೇಲಿನ ಕೆಂಡದ ಕಾವು ಸಾಕು. ಬೇಗ ಕಂದಾಗಲಿ ಅಂತ ಅಡುಗೆ ಸೋಡಾ ಹಾಕುವ ಉಪಾಯ ಕೆಲವರು ಹೇಳ್ತಾರೆ. ಬಣ್ಣ ಬೇಗ ಬರುವುದು ಹೌದು. ಆದರೆ ಈರುಳ್ಳಿ ಮುದ್ದೆಯಾಗುತ್ತದೆ, ಸೋಡಾ ಸ್ವಲ್ಪ ಹೆಚ್ಚಾದರೂ ಸಾಬೂನಿನ ರುಚಿ.

1 ಕಿಲೋ ಈರುಳ್ಳಿ ಕೊನೆಗೆ ಕಾಲು ಕಿಲೋ ಚಿಲ್ಲರೆ ಆಗುತ್ತದೆ. 'ಅಯ್ಯೋ ಇಷ್ಟೇನಾ' ಅನ್ನಿಸುವುದು ಸಹಜ. ಹೋದದ್ದು ನೀರು, ಉಳಿದದ್ದು ಸಾರ.

ಬೆರೆಸುವುದು

ಹುರಿದ ಈರುಳ್ಳಿಯನ್ನು ಅಗಲ ತಟ್ಟೆಗೆ ಹರಡಿ ಪೂರ್ತಿ ತಣಿಸಿ. ಬಿಸಿ ಇರುವಾಗ ಚಕ್ಕಾಕ್ಕೆ ಹಾಕಿದರೆ ಅದು ಒಡೆದು ನೀರು ಬಿಡುತ್ತದೆ, ಹಿಂದಿನ ದಿನದ ಶ್ರಮವೆಲ್ಲ ವ್ಯರ್ಥ. ತಣಿದ ಮೇಲೆ ಅರ್ಧ ಈರುಳ್ಳಿಯನ್ನು ಒರಳಿನಲ್ಲೋ ಮಿಕ್ಸಿಯಲ್ಲೋ ತರಿತರಿಯಾಗಿ ರುಬ್ಬಿ. ಇನ್ನರ್ಧ ಹಾಗೇ ಇರಲಿ, ಬಾಯಿಗೆ ಸಿಗಬೇಕು. ಚಕ್ಕಾವನ್ನು ಗಂಟಿಲ್ಲದಂತೆ ಚಮಚದಲ್ಲಿ ಕಲಸಿ. ಮಿಕ್ಸಿಗೆ ಹಾಕಿ ತಿರುಗಿಸಿದರೆ ತೆಳ್ಳಗಾಗುತ್ತದೆ. ಈರುಳ್ಳಿ, ಕಾಳುಮೆಣಸು, ಉಳಿದ ಉಪ್ಪಿನಲ್ಲಿ ಮುಕ್ಕಾಲು ಸೇರಿಸಿ.

ಮುಚ್ಚಿ 3-4 ಗಂಟೆ ಫ್ರಿಜ್ಜಿನಲ್ಲಿಡಿ. ಈರುಳ್ಳಿಯ ಪರಿಮಳ ಮೊಸರಿಗೆ ಇಳಿಯಲು ಅಷ್ಟು ಸಮಯ ಬೇಕು. ಉಪ್ಪು ನೋಡುವುದು ಆಮೇಲೆ. ತಣ್ಣಗಿರುವ ಪದಾರ್ಥದಲ್ಲಿ ಉಪ್ಪು ಕಡಿಮೆ ಅನ್ನಿಸುತ್ತದೆ. ಬೇಕಿದ್ದರೆ ಉಳಿಸಿದ್ದು ಆಗ ಹಾಕಿ. ಬಡಿಸುವ ಮುಂಚೆ ಈರುಳ್ಳಿ ಸೊಪ್ಪು.

ಅಮೆರಿಕದಲ್ಲಿ ಇದಕ್ಕೆ ಜೋಡಿ ಆಲೂಗಡ್ಡೆ ಚಿಪ್ಸ್. ನಮ್ಮಲ್ಲಿ ಅದಕ್ಕಿಂತ ಒಳ್ಳೆಯದು ಬೇಕಾದಷ್ಟಿವೆ. ಜೋಳದ ಖಡಕ್ ರೊಟ್ಟಿಯ ಚೂರು ನನ್ನ ಮೊದಲ ಆಯ್ಕೆ. ಮುರಿಯುವುದಿಲ್ಲ, ಗೊಜ್ಜು ಚೆನ್ನಾಗಿ ಎತ್ತುತ್ತದೆ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಅಕ್ಕಿ ಸಂಡಿಗೆ, ಕೋಡುಬಳೆ ಎಲ್ಲವೂ ಆಗುತ್ತದೆ. ಸೌತೆ, ಮೂಲಂಗಿ, ಕ್ಯಾರೆಟ್ ಉದ್ದುದ್ದ ಸೀಳಿ ಇಟ್ಟರೆ ಸಕ್ಕರೆ ಕಾಯಿಲೆಯವರೂ ಕೈ ಹಾಕುತ್ತಾರೆ. ಮೊಸರೂ ಈರುಳ್ಳಿಯೂ ಇರುವ ಪದಾರ್ಥ, ಹಾಗಾಗಿ ಈರುಳ್ಳಿ ವರ್ಜ್ಯವಾದ ಪೂಜೆ, ವ್ರತದ ಊಟಕ್ಕೆ ಸಲ್ಲದು. ಹುಟ್ಟುಹಬ್ಬ, ನೆಂಟರು ಸೇರಿದ ಸಂಜೆ, ಸಂಘದ ಸಭೆ ಇಂಥದ್ದಕ್ಕೆ ಸರಿ.

ಬಂದವರ ಹೊಟ್ಟೆ ನಮ್ಮ ಹೊಣೆ

ನಾಲ್ಕು ಜನಕ್ಕೆ ಮಾಡುವುದು ಬೇರೆ, ಮೂವತ್ತು ಜನಕ್ಕೆ ಮಾಡುವುದು ಬೇರೆ. ಪೇಟೆಯ ಬಿಳಿ ಗೊಜ್ಜುಗಳಲ್ಲಿ ಹಸಿಮೊಟ್ಟೆಯ ಮೇಯನೇಸ್ ಹೆಚ್ಚು ಅಪಾಯದ್ದು. ಆಹಾರ ವಿಷವಾದ ಪ್ರಕರಣಗಳ ಬೆನ್ನಿಗೆ ಕೇರಳ 2023ರ ಜನವರಿಯಲ್ಲಿ ಅದನ್ನು ನಿಷೇಧಿಸಿತು. ತೆಲಂಗಾಣ 2024ರ ಅಕ್ಟೋಬರಿನಲ್ಲಿ ಒಂದು ವರ್ಷದ ಮಟ್ಟಿಗೆ ನಿಷೇಧ ಹೇರಿತು. ನಮ್ಮ ಗೊಜ್ಜಿನಲ್ಲಿ ಮೊಟ್ಟೆಯಿಲ್ಲ, ಮೊಸರಿನ ಹುಳಿ ಸ್ವಲ್ಪ ಕಾಪಾಡುತ್ತದೆ. ಹಾಗಂತ ಮೈಮರೆಯಬಾರದು.

ಹೆಚ್ಚು ಎಚ್ಚರ ಬೇಕಾದದ್ದು ಹುರಿದ ಈರುಳ್ಳಿಯ ವಿಷಯದಲ್ಲಿ. 1983ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಒಂದು ಹೋಟೆಲಿನಲ್ಲಿ ತಿಂದ 28 ಜನ ಬಾಟುಲಿಸಂ ಎಂಬ ವಿಷಬಾಧೆಗೆ ತುತ್ತಾದರು. ಕಾರಣ ಹುರಿದ ಈರುಳ್ಳಿ. ಜಿಡ್ಡಿನಲ್ಲಿ ಬೇಯಿಸಿ, ಒಲೆಯ ಪಕ್ಕ ಉಗುರುಬೆಚ್ಚಗೆ ಇಟ್ಟುಕೊಂಡು ದಿನವಿಡೀ ಬಡಿಸಿದ್ದರು. ಈ ರೋಗಾಣುವಿನ ಬೀಜಕಣ ಮಣ್ಣಿನಲ್ಲಿರುತ್ತದೆ, ಮಣ್ಣಿನ ಗಡ್ಡೆಯ ಜೊತೆ ಅಡುಗೆಮನೆಗೆ ಬರುತ್ತದೆ. ಸಾಮಾನ್ಯ ಕುದಿಗೆ ಸಾಯುವುದಿಲ್ಲ. ಜಿಡ್ಡು ಮುಚ್ಚಿ ಗಾಳಿ ತಾಗದ, ಬೆಚ್ಚಗಿನ ಜಾಗ ಸಿಕ್ಕಿದರೆ ಬೆಳೆದು ವಿಷ ಮಾಡುತ್ತದೆ. ಬಣ್ಣ, ವಾಸನೆಯಿಂದ ಗೊತ್ತಾಗುತ್ತದೆ ಅಂತ ನಂಬುವಂತಿಲ್ಲ.

ಅದಕ್ಕೇ ಈ ನಿಯಮಗಳು:

1. ಹುರಿದ ಈರುಳ್ಳಿ ಬಾಣಲೆಯಲ್ಲೇ ರಾತ್ರಿ ಕಳೆಯಬಾರದು. ಹರಡಿ ತಣಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ.
2. ಬಾಟಲಿಗೆ ತುಂಬಿ ಮೇಲೆ ಎಣ್ಣೆ ಹೊಯ್ದು ಉಪ್ಪಿನಕಾಯಿಯಂತೆ ಹೊರಗೆ ಇಡಲೇಬಾರದು.
3. ಬಡಿಸಲು ಇಟ್ಟ ಗೊಜ್ಜು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸೆಖೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.
4. ಎಲ್ಲವನ್ನೂ ಒಮ್ಮೆಗೇ ಹೊರಗಿಡಬೇಡಿ. ಸಣ್ಣ ಬಟ್ಟಲಿನಲ್ಲಿಟ್ಟು, ಮುಗಿದಂತೆ ಬೇರೆ ಬಟ್ಟಲು ತನ್ನಿ. ಹಳೆಯದರ ಮೇಲೆ ಹೊಸದು ಸುರಿಯಬೇಡಿ. ಬಟ್ಟಲನ್ನು ಐಸ್ ಹಾಕಿದ ತಟ್ಟೆಯಲ್ಲಿ ಕೂರಿಸಿದರೆ ಇನ್ನೂ ಒಳ್ಳೆಯದು.
5. ಎಲ್ಲರೂ ಒಂದೇ ಬಟ್ಟಲಿಗೆ ಕಚ್ಚಿದ ಚೂರು ಅದ್ದುವ ಪದ್ಧತಿ ಬೇಡ. ಎಂಜಲು ಅನ್ನುವ ನಮ್ಮ ಹಿರಿಯರ ಮಾತು ಇಲ್ಲಿ ಸರಿಯಾಗಿ ಹೊಂದುತ್ತದೆ. ಚಮಚ ಇಡಿ, ತಟ್ಟೆಗೆ ಹಾಕಿಕೊಳ್ಳಲಿ.
6. ಹೊರಗೆ ಇಡದೆ ಫ್ರಿಜ್ಜಿನಲ್ಲೇ ಉಳಿದದ್ದನ್ನು ಮೂರು ದಿನದೊಳಗೆ ಮುಗಿಸಿ.

ಫ್ರಿಜ್ ಇಲ್ಲದ ಮನೆಯಾದರೆ ಚಕ್ಕಾ ಬೆಳಗಿನ ತಂಪಿನಲ್ಲಿ ಕಟ್ಟಿ, ಈರುಳ್ಳಿ ಅಂದೇ ಹುರಿದು ತಣಿಸಿ, ಬಡಿಸುವ ಸ್ವಲ್ಪ ಮುಂಚೆ ಕಲಸಿ. ಪರಿಮಳ ಒಂದು ಕೈ ಕಡಿಮೆ, ನಿಶ್ಚಿಂತೆ ಹೆಚ್ಚು.

ಒಣಗಿಸಿಟ್ಟರೆ ವರ್ಷವಿಡೀ

ಲಿಪ್ಟನ್ ಪೊಟ್ಟಣದ ಗುಟ್ಟು ಒಣ ಈರುಳ್ಳಿ. ಅದು ಮೊಸರಿಗೆ ಬಿದ್ದರೆ ನೀರು ಬಿಡುವ ಬದಲು ಮೊಸರಿನ ನೀರನ್ನೇ ಕುಡಿಯುತ್ತದೆ. ಗೊಜ್ಜು ತಾನಾಗಿ ಗಟ್ಟಿಯಾಗುತ್ತದೆ. ಗುಜರಾತಿನ ಭಾವನಗರ ಜಿಲ್ಲೆಯ ಮಹುವಾದಲ್ಲಿ ಈರುಳ್ಳಿ ಒಣಗಿಸುವ ಕಾರ್ಖಾನೆಗಳ ಸಾಲೇ ಇದೆ. ಅಲ್ಲಿ ಒಣಗಿದ ಬಿಳಿ ಈರುಳ್ಳಿ ಹೊರದೇಶಗಳಿಗೆ ಹೋಗುತ್ತದೆ. ಅಷ್ಟು ದೊಡ್ಡದಾಗಿ ಅಲ್ಲದಿದ್ದರೂ ಮನೆ ಬಳಕೆಗೆ ನಾವೂ ಒಣಗಿಸಬಹುದು.

3 ಮಿಲಿಮೀಟರಿನಷ್ಟು ದಪ್ಪಕ್ಕೆ ಹೆಚ್ಚಿ. ಬೇಯಿಸುವುದು ಬೇಡ, ಬೇಯಿಸಿದರೆ ವಾಸನೆ ಹೋಗುತ್ತದೆ. ಬಿಸಿಲು ಚುರುಕಾಗಿರುವ ಫೆಬ್ರವರಿಯಿಂದ ಏಪ್ರಿಲ್ ತನಕ ಶುಭ್ರ ಬಟ್ಟೆಯ ಮೇಲೆ ಒಂದೇ ಪದರ ಹರಡಿ, ಮೇಲೆ ತೆಳು ಬಟ್ಟೆ ಮುಚ್ಚಿ. ಡ್ರೈಯರ್ ಇದ್ದರೆ 55-60 ಡಿಗ್ರಿ. ಮಳೆಗಾಲದ ಬೆಳೆಗೆ ಡ್ರೈಯರೇ ಗತಿ, ಮೋಡದಲ್ಲಿ ಹರಡಿದರೆ ಬೂಷ್ಟು ಹಿಡಿಯುತ್ತದೆ. ಬಗ್ಗಿಸಿದರೆ ಬಾಗದೆ ಟಕ್ಕನೆ ಮುರಿಯಬೇಕು. 1 ಕಿಲೋಗೆ 100 ಗ್ರಾಮಿನ ಆಸುಪಾಸು ಸಿಗುತ್ತದೆ. ಗಾಳಿಯ ತೇವ ಬಹಳ ಬೇಗ ಹೀರುವುದರಿಂದ ಆರಿದ ಕೂಡಲೇ ಬಿಗಿ ಮುಚ್ಚಳದ ಬಾಟಲಿಗೆ ತುಂಬಿ. ಒಂದೇ ದೊಡ್ಡ ಡಬ್ಬಿಗಿಂತ ನಾಲ್ಕು ಸಣ್ಣ ಬಾಟಲಿ ಲೇಸು.

ಗೊಜ್ಜಿಗೆ 60 ಗ್ರಾಂ ಒಣ ಈರುಳ್ಳಿ ಸಾಕು. ಎರಡು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿಯಿರಿ. ಕಣ್ಣು ಬೇರೆ ಕಡೆ ತಿರುಗಿಸಬೇಡಿ, ಒಂದು ನಿಮಿಷದಲ್ಲಿ ಕರಿಯಾಗಿ ಕಹಿಯಾಗುತ್ತದೆ. ತಣಿಸಿ, ಕೈಯಲ್ಲಿ ಪುಡಿ ಮಾಡಿ, ಮೂರು-ನಾಲ್ಕು ಗಂಟೆ ಮಾತ್ರ ಬಸಿದ ಮೊಸರಿಗೆ ಕಲಸಿ ಫ್ರಿಜ್ಜಿನಲ್ಲಿಡಿ. ಉಳಿದ ನೀರನ್ನು ಈರುಳ್ಳಿ ಹೀರಿಕೊಳ್ಳುತ್ತದೆ. ಒಂದು ಗಂಟೆ ಒಲೆಯ ಮುಂದೆ ನಿಲ್ಲುವುದು ತಪ್ಪುತ್ತದೆ.

ಕೆಟ್ಟರೆ ಕಾರಣ

ತೆಳ್ಳಗಾಯಿತು: ಮೊಸರು ಸಾಕಷ್ಟು ಬಸಿದಿಲ್ಲ, ಅಥವಾ ಈರುಳ್ಳಿ ಬಿಸಿ ಇತ್ತು. ಎರಡು ಚಮಚ ಒಣ ಈರುಳ್ಳಿ ಪುಡಿ ಹಾಕಿ ಎರಡು ಗಂಟೆ ಬಿಡಿ, ಸರಿಹೋಗುತ್ತದೆ.
ಕಹಿ ಬಂತು: ಉರಿ ಹೆಚ್ಚಾಗಿ ಈರುಳ್ಳಿ ಸೀದಿದೆ. ಇದಕ್ಕೆ ಪರಿಹಾರ ಇಲ್ಲ.
ಹುಳಿ ಹೆಚ್ಚು: ಹಳೇ ಮೊಸರು. ತಾಜಾ ಕೆನೆ ಎರಡು ಚಮಚ ಕಲಸಿ.
ಸಪ್ಪೆ: ಈರುಳ್ಳಿ ಬೆಂದಿದೆ, ಹುರಿದಿಲ್ಲ. ಮುಂದಿನ ಸಲ ಬಣ್ಣ ಬರುವ ತನಕ ಕಾಯಿರಿ.

ಲೆಕ್ಕ ಹಾಕಿ ನೋಡಿ

ಈರುಳ್ಳಿ, ಹಾಲಿನ ದರ ಊರಿಂದೂರಿಗೆ, ವಾರದಿಂದ ವಾರಕ್ಕೆ ಬೇರೆ. ಆದ್ದರಿಂದ ನಿಮ್ಮ ದರವನ್ನೇ ಹಿಡಿಯಿರಿ. 2 ಲೀಟರು ಹಾಲಿಗೆ ಡೇರಿ ಕೊಡುವ ದುಡ್ಡು, ನಡುವಿನ ರಾಶಿಯ 1 ಕಿಲೋ ಈರುಳ್ಳಿಗೆ ಮಂಡಿಯಲ್ಲಿ ಸಿಗುತ್ತಿದ್ದ ದುಡ್ಡು, ಎಣ್ಣೆ, ಒಂದು ಗಂಟೆಯ ಗ್ಯಾಸು ಕೂಡಿಸಿ. ಕೈಗೆ ಬರುವುದು ಸುಮಾರು 1 ಕಿಲೋ ಗೊಜ್ಜು. ಅಂಗಡಿಯ ಡಬ್ಬಿಯ ತೂಕ, ಬೆಲೆ ನೋಡಿ 1 ಕಿಲೋಗೆ ಎಷ್ಟಾಯಿತು ಅಂತ ಪಕ್ಕದಲ್ಲಿ ಬರೆಯಿರಿ. ಈ ಲೆಕ್ಕದಲ್ಲಿ ದೊಡ್ಡ ಬಾಬು ಹಾಲಿನದು, ಈರುಳ್ಳಿಯದಲ್ಲ. ಹಾಗಾಗಿ ಇದರಿಂದ ಈರುಳ್ಳಿ ಬೆಲೆ ಕುಸಿತಕ್ಕೆ ಮದ್ದು ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಚೀಲಗಟ್ಟಲೆ ಉಳಿದದ್ದಕ್ಕೆ ದಾರಿ ಒಣಗಿಸುವುದು. ಮನೆಯ ಖರ್ಚು ಮನೆಯಲ್ಲೇ ನಿಲ್ಲಿಸಲು ಗೊಜ್ಜು.

ಚೆನ್ನಾಗಿ ಬಂತು, ಮಾರೋಣ ಅನ್ನಿಸಿದರೆ ಒಣ ಈರುಳ್ಳಿಯಿಂದ ಶುರು ಮಾಡಿ. ಹಸಿ ಗೊಜ್ಜಿಗೆ ತಯಾರಿಕೆಯಿಂದ ಗಿರಾಕಿಯ ಮನೆ ತನಕ ತಂಪು ಬೇಕು, ಸಣ್ಣ ಕೃಷಿಕರಿಗೆ ಅದು ಸುಲಭವಲ್ಲ. ಯಾವುದನ್ನು ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಂಡೇ ಇಳಿಯಿರಿ.

ಮೊದಲ ಸಲ ಅರ್ಧ ಅಳತೆಯಲ್ಲಿ, ಮನೆಯವರಿಗಷ್ಟೇ ಮಾಡಿ ನೋಡಿ. ನಿಮ್ಮ ಕಡೆಯ ಈರುಳ್ಳಿಗೆ ಎಷ್ಟು ಹೊತ್ತು ಹಿಡಿಯಿತು, 1 ಕಿಲೋಗೆ ಎಷ್ಟು ಉಳಿಯಿತು ಅಂತ ತೂಗಿ ಬರೆದಿಟ್ಟುಕೊಳ್ಳಿ. ಮುಂದಿನ ಸಮಾರಂಭಕ್ಕೆ ಆ ಚೀಟಿಯೇ ನಿಮಗೆ ಅಳತೆ. ಬೇರೆ ಜಾತಿಯ ಗಡ್ಡೆಯಲ್ಲಿ ಮಾಡಿದವರು ತಮ್ಮ ಅಳತೆ ಪತ್ರಿಕೆಗೂ ಬರೆದು ಕಳಿಸಿದರೆ ಎಲ್ಲರಿಗೂ ಉಪಕಾರ.